ಎರಡ್ಮೂರು ಅಂದರೆ ಎಷ್ಟು?

ಆರು ತಿಂಗಳ ಕಾಲ ಪ್ರತಿ ಭಾನುವಾರ ಸಂಜೆ ಏಳು ಗಂಟೆಗೆ ನಮ್ಮ ಮನೆಮಂದಿಯೆಲ್ಲ ಅಮ್ಮನ ಬೆನ್ನಿನ ಬಗ್ಗೆ ಯೋಚಿಸಿದ್ದೇವೆ. ಯೋಚಿಸದೆ ವಿಧಿ ಇರಲಿಲ್ಲ. ಏಳಕ್ಕೆ ಸರಿಯಾಗಿ ಫೋನು ‘ಟಿಂಗ್’ ಅನ್ನುತ್ತಿತ್ತು. ಒಂದು ಅಂಕಿ ಕೇಳುತ್ತಿತ್ತು.

ಶುರುವಾದದ್ದು ಫೆಬ್ರವರಿಯಲ್ಲಿ. ಅಮ್ಮನ ಬೆನ್ನುನೋವು ತೋರಿಸಲು ಉಡುಪಿ ಕಡೆಯ ಒಂದು ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ನೋಡಿದರು, ನಾಲ್ಕು ವ್ಯಾಯಾಮ ಹೇಳಿಕೊಟ್ಟರು. ಹೊರಗೆ ಬರುವಾಗ ಫಿಸಿಯೋಥೆರಪಿ ಓದುವ ಒಂದು ಹುಡುಗಿ ನಮ್ಮನ್ನು ಹಿಡಿದುಕೊಂಡಳು. ಅವಳ ಸಂಶೋಧನೆಗೆ ಬೆನ್ನುನೋವಿನವರು ಬೇಕಂತೆ. ವಾರಕ್ಕೊಂದು ಎಸ್ಸೆಮ್ಮೆಸ್ ಬರುತ್ತದೆ. ‘ಕಳೆದ 7 ದಿನಗಳಲ್ಲಿ ಎಷ್ಟು ದಿನ ಬೆನ್ನುನೋವು ತೊಂದರೆ ಕೊಟ್ಟಿತು?’ ಅಷ್ಟೇ ಪ್ರಶ್ನೆ. 0ಯಿಂದ 7ರ ಒಳಗೆ ಒಂದು ಅಂಕಿ ಕಳಿಸಿದರೆ ಮುಗಿಯಿತು.

ಒಪ್ಪಿಗೆ ಪತ್ರವೇ ನಾಲ್ಕು ಪುಟ. “ಬೇಡ ಅನಿಸಿದ್ರೆ ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು ಅಮ್ಮ, ಕಾರಣ ಹೇಳಬೇಕಂತ ಇಲ್ಲ,” ಅಂದಳು ಹುಡುಗಿ. ಈ ಮಾತು ಅಮ್ಮನಿಗೆ ತುಂಬ ಹಿಡಿಸಿತು. ಐವತ್ತು ವರ್ಷದ ಸಂಸಾರದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಸಹಿ ಹಾಕಿಬಿಟ್ಟಳು.

“ವಾಟ್ಸಾಪ್‌ನಲ್ಲಿ ಕೇಳಬಹುದಲ್ವಾ?” ಎಂದು ನಾನು ಜಾಣತನ ತೋರಿಸಿದೆ. “ಎಲ್ಲರ ಹತ್ರ ಟಚ್ ಫೋನ್ ಇರುವುದಿಲ್ಲ ಸರ್. ಎಸ್ಸೆಮ್ಮೆಸ್ಸಿಗೆ ನೆಟ್ಟೂ ಬೇಡ, ಕೀಪ್ಯಾಡ್ ಫೋನಿಗೂ ಹೋಗ್ತದೆ,” ಅಂದಳು. ಅಮ್ಮನ ಕೈಯಲ್ಲಿದ್ದದ್ದು ಕೀಪ್ಯಾಡ್ ಫೋನೇ. ನಾನು ಸುಮ್ಮನಾದೆ.

ಮೊದಲ ಭಾನುವಾರವೇ ಎಡವಟ್ಟು. ಮೆಸೇಜು ಬಂದದ್ದು ನಂಬರಿನಿಂದ ಅಲ್ಲ, ಬ್ಯಾಂಕಿನವರದ್ದು ಬರುತ್ತದಲ್ಲ, ಹಾಗೆ ಇಂಗ್ಲಿಷ್ ಅಕ್ಷರಗಳ ಒಂದು ಹೆಸರಿನಿಂದ. ಅಂಥ ಹೆಸರಿಗೆ ತಿರುಗಿ ಉತ್ತರ ಕಳಿಸಲು ಆಗುವುದೇ ಇಲ್ಲ. ಅಮ್ಮ 4 ಒತ್ತಿದಳು, ಹೋಗಲಿಲ್ಲ. ಮತ್ತೆ ಒತ್ತಿದಳು, ಹೋಗಲಿಲ್ಲ. ಪ್ರಪಂಚದ ಮೊದಲ ಎಸ್ಸೆಮ್ಮೆಸ್ಸಿನ ಪಾಡೂ ಇದೇ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಒಬ್ಬ ಎಂಜಿನಿಯರು ಕಂಪ್ಯೂಟರಿನಿಂದ ‘ಮೆರ್ರಿ ಕ್ರಿಸ್‌ಮಸ್’ ಅಂತ ಕಳಿಸಿದ. ತಲುಪಿದ್ದೇನೋ ತಲುಪಿತು, ಆದರೆ ಆ ಫೋನಿನಿಂದ ಉತ್ತರ ಕಳಿಸುವ ದಾರಿಯೇ ಇರಲಿಲ್ಲ. ಅಮ್ಮನಷ್ಟು ಸಿಟ್ಟು ಅವರಿಗೆ ಬಂದಿರಲಿಕ್ಕಿಲ್ಲ. “ಕೇಳುವುದು ಅವರೇ, ಬಾಗಿಲು ಹಾಕಿಕೊಳ್ಳುವುದೂ ಅವರೇ!”

ಮರುವಾರ ಸರಿಯಾದ ಹತ್ತಂಕಿ ನಂಬರಿನಿಂದ ಬಂತು. ಈಗ ಅಮ್ಮ ಒಪ್ಪಲಿಲ್ಲ. “ಫೋನಲ್ಲಿ ಯಾರು ನಂಬರ್ ಕೇಳಿದ್ರೂ ಕೊಡಬೇಡ ಅಂತ ನೀನೇ ಹೇಳಿದ್ದಲ್ವಾ?” ಹೇಳಿದ್ದು ಹೌದು. ಓಟಿಪಿ ಬೇರೆ, ಇದು ಬೇರೆ ಎಂದು ಅರ್ಧ ಗಂಟೆ ವಿವರಿಸಿದೆ. “ನಾಲ್ಕು ಅಂತ ಕಳಿಸಿದ್ರೆ ನಾಲ್ಕು ಸಾವಿರ ಹೋದ್ರೆ?” ಎಂದಳು. ಕೊನೆಗೆ ಆ ಹುಡುಗಿಗೇ ಫೋನು ಮಾಡಿಸಿ ಧೈರ್ಯ ಹೇಳಿಸಬೇಕಾಯಿತು.

ಪ್ರಶ್ನೆ ಕನ್ನಡದಲ್ಲೇ ಬರುತ್ತಿತ್ತು, ಅದು ಸಂತೋಷ. ಆದರೆ ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರದ ಜಾಗ ಇದ್ದರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ‘ಬೆನ್ನುನೋವು’ ನಮಗೆ ನಾಲ್ಕಕ್ಷರ, ಫೋನಿಗೆ ಹತ್ತು. ಹಾಗಾಗಿ ಮೆಸೇಜು ತುಂಡಾಗುತ್ತದೆ. ಒಂದು ಮಳೆಯ ದಿನ ‘ನೋವೇ ಇಲ್ಲದಿದ್ದರೆ 0 ಕಳಿಸಿ’ ಎಂಬ ಬಾಲ ಮೊದಲು ಬಂತು, ತಲೆ ಹತ್ತು ನಿಮಿಷ ಬಿಟ್ಟು ಬಂತು.

ಇದೆಲ್ಲ ಸಣ್ಣದು. ನಿಜವಾದ ತೊಂದರೆ ಇದ್ದದ್ದು ನಾವು ಲೆಕ್ಕ ಹೇಳುವ ಕ್ರಮದಲ್ಲಿ.

“ಈ ವಾರ ಎಷ್ಟು ದಿನ ನೋವಿತ್ತು ಅಮ್ಮ?”

“ಇತ್ತು ಒಂದು ಎರಡ್ಮೂರು ದಿನ.”

ಈ ‘ಒಂದು ಎರಡ್ಮೂರು’ ಎಂಬುದನ್ನು ಯಾವ ಕಂಪ್ಯೂಟರಿಗೆ ಹೇಳುವುದು? ಒಂದೂ ಇದೆ, ಎರಡೂ ಇದೆ, ಮೂರೂ ಇದೆ. ಮದುವೆಗೆ ಎಷ್ಟು ಜನ ಅಂದರೆ ಆರೇಳ್ನೂರು, ಬಸ್ಸು ಎಷ್ಟು ಹೊತ್ತಿಗೆ ಅಂದರೆ ಐದೋ ಹತ್ತೋ ನಿಮಿಷ. ಸರಿಯಾಗಿ ಒಂದು ಸಂಖ್ಯೆ ಹೇಳಿದರೆ ಅಹಂಕಾರ ಅಂದುಕೊಳ್ಳುವ ಊರು ನಮ್ಮದು. ಅಮ್ಮ ನಿಷ್ಠೆಯಿಂದ ‘2-3’ ಅಂತ ಕಳಿಸಿದಳು. ‘ನಿಮ್ಮ ಉತ್ತರ ಸರಿಯಾಗಿಲ್ಲ’ ಎಂದು ತಿರುಗಿ ಬಂತು. ಗೆರೆಯಿಂದ ತೊಂದರೆ ಇರಬೇಕು ಎಂದುಕೊಂಡು ಗೆರೆ ತೆಗೆದು ‘23’ ಕಳಿಸಿದಳು. ವಾರಕ್ಕೆ ಇಪ್ಪತ್ಮೂರು ದಿನ ನೋವು.

“ಎರಡಾ, ಮೂರಾ, ಒಂದು ಹೇಳು,” ಅಂದೆ. “ಎರಡು ಅಂದ್ರೆ ಸುಳ್ಳಾಗ್ತದೆ, ಮೂರು ಅಂದ್ರೆ ಜಾಸ್ತಿ ಆಗ್ತದೆ ಮಾರಾಯ.”

ಕೀಪ್ಯಾಡ್ ಫೋನಿನದ್ದೇ ರಗಳೆ ಇರಬಹುದೆಂದು ನನ್ನ ಹಳೇ ಟಚ್ ಫೋನಿಗೆ ಅಮ್ಮನ ಸಿಮ್ ಹಾಕಿ, ಕನ್ನಡ ಕೀಬೋರ್ಡ್ ಕೂರಿಸಿ ಕೊಟ್ಟೆ. ಅಲ್ಲಿ ಕನ್ನಡ ಅಂಕಿಗಳು ಕಂಡವು. ಅಮ್ಮನಿಗೆ ಖುಷಿಯೋ ಖುಷಿ. ದುಂಡಗೆ ‘೪’ ಕಳಿಸಿದಳು. ಉತ್ತರ ಸರಿಯಾಗಿಲ್ಲ. ಕನ್ನಡದಲ್ಲೇ ಪ್ರಶ್ನೆ ಕೇಳಿದ ಯಂತ್ರಕ್ಕೆ ಕನ್ನಡದ ನಾಲ್ಕು ಗೊತ್ತಿರಲಿಲ್ಲ! ಇನ್ನೊಂದು ವಾರ ‘೦’ ಕಳಿಸಿದಾಗಂತೂ ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ಕಣ್ಣಿಗೆ ಎರಡೂ ಸೊನ್ನೆ ಒಂದೇ. ಅದಕ್ಕೆ ಮಾತ್ರ ಬೇರೆ.

ಒಂದು ವಾರ ಅಮ್ಮ ಪ್ರಶ್ನೆಗೆ ‘ಊಟ ಆಯ್ತಾ ಮಗಾ?’ ಅಂತ ಬರೆದಳು. ಪಾಪ, ಪ್ರತಿ ವಾರ ತಪ್ಪದೆ ವಿಚಾರಿಸುವ ಹುಡುಗಿ, ಒಂದು ಮಾತು ತಿರುಗಿ ಕೇಳದಿದ್ದರೆ ಹೇಗೆ? ಅದಕ್ಕೂ ಬಂತು, ಉತ್ತರ ಸರಿಯಾಗಿಲ್ಲ. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಯಂತ್ರ ಕೊಟ್ಟ ಉತ್ತರ ಅದು, ಹುಡುಗಿ ಹೇಳಿದ್ದಲ್ಲ ಎಂದರೆ ನಂಬಲಿಲ್ಲ.

ಆ ಹುಡುಗಿಗೆ ಇದನ್ನು ಹೇಳಿದಾಗ ಅವಳು ಕೀನ್ಯಾದ ಕಥೆ ಹೇಳಿದಳು. ಅಲ್ಲಿ ಎಚ್‌ಐವಿ ಇರುವವರು ಔಷಧಿ ತಪ್ಪಿಸಬಾರದೆಂದು ವಾರಕ್ಕೊಮ್ಮೆ ‘ಮಾಂಬೊ?’ ಅಂತ ಎಸ್ಸೆಮ್ಮೆಸ್ ಕಳಿಸುತ್ತಿದ್ದರಂತೆ. ಸ್ವಾಹಿಲಿಯಲ್ಲಿ ಹೇಗಿದ್ದೀರಿ ಅಂತ. 48 ಗಂಟೆಯೊಳಗೆ ‘ಸಾವ’ ಅಂದರೆ ಚೆನ್ನಾಗಿದ್ದೇನೆ, ‘ಶಿಡಾ’ ಅಂದರೆ ತೊಂದರೆ ಇದೆ. ಶಿಡಾ ಅಂದವರಿಗೆ ನರ್ಸು ಫೋನು ಮಾಡುತ್ತಿದ್ದರು. ಮೆಸೇಜು ಬಂದವರು ಔಷಧಿ ಹೆಚ್ಚು ಸರಿಯಾಗಿ ತೆಗೆದುಕೊಂಡರು ಎಂದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ನಮ್ಮಲ್ಲಿ ‘ಎಂಚ ಉಲ್ಲರ್?’ ಅಂತ ಕಳಿಸಿ ನೋಡಲಿ. ಒಂದೇ ಶಬ್ದದಲ್ಲಿ ಉತ್ತರ ಕೊಡುವ ಒಬ್ಬ ತುಳುವನನ್ನು ಹುಡುಕಿ ಕೊಟ್ಟರೆ ನಾನು ಬಹುಮಾನ ಕೊಡುತ್ತೇನೆ.

ಬರೀ ಅಂಕಿಯಿಂದ ಆಗುವ ಅನಾಹುತವೂ ಇದೆ. ಒಂದು ಭಾನುವಾರ ಅಮ್ಮನ ‘3’ ತಪ್ಪಿ ಸೋದರಮಾವನಿಗೆ ಹೋಯಿತು. ಅಕ್ಕ ಮೂರು ಗಂಟೆಗೆ ಬರುತ್ತಾಳೆ ಎಂದು ಮಾವ ಮರುದಿನ ಸಂತೆಕಟ್ಟೆ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ಐದರವರೆಗೆ ಕಾದರು. ಈಗಲೂ ಅದನ್ನು ಎತ್ತಿ ಆಡುತ್ತಾರೆ.

ಆದರೂ ವಾರವಾರ ಕೇಳುವುದರಲ್ಲಿ ಅರ್ಥ ಇದೆ. ಆರು ತಿಂಗಳು ಬಿಟ್ಟು ಒಮ್ಮೆಗೇ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಇವತ್ತು ನೋವಿದ್ದರೆ ಆರು ತಿಂಗಳೂ ಇತ್ತು ಅನ್ನುತ್ತೇವೆ. ಸ್ವೀಡನ್, ಡೆನ್ಮಾರ್ಕ್ ಕಡೆ ಬೆನ್ನುನೋವಿನವರಿಗೆ ಹೀಗೇ ವಾರಕ್ಕೊಂದು ಎಸ್ಸೆಮ್ಮೆಸ್ ಕಳಿಸಿ ತಿಂಗಳುಗಟ್ಟಲೆ ಲೆಕ್ಕ ಇಟ್ಟಿದ್ದಾರೆ. ಅಲ್ಲಿಯವರು ಹೇಗೆ ಲೆಕ್ಕ ಹಾಕುತ್ತಾರೋ, ಅಮ್ಮನದು ಹೀಗೆ: “ಸೋಮವಾರ ಇರಲಿಲ್ಲ. ಮಂಗಳವಾರ ಗ್ಯಾಸ್ ಬಂತು, ನೀನು ಮನೆಯಲ್ಲಿ ಇರಲಿಲ್ಲ, ಸಿಲಿಂಡರ್ ನಾನೇ ಎಳೆದೆ, ಇತ್ತು. ಬುಧವಾರ ಏಕಾದಶಿ, ಹೊಟ್ಟೆಯದ್ದೇ ಗೊತ್ತಾದ್ದು, ಬೆನ್ನಿನದ್ದು ಗೊತ್ತಾಗಲಿಲ್ಲ.” ಈ ಲೆಕ್ಕದಲ್ಲಿ ಪ್ರತಿ ವಾರ ನನಗೂ ಒಂದು ಬೈಗುಳ ಇರುತ್ತಿತ್ತು.

ಏಪ್ರಿಲ್ ಮಧ್ಯದಿಂದ ಎಲ್ಲ ಸಲೀಸಾಯಿತು. ಟಿಂಗ್ ಅಂದ ಕೂಡಲೇ ಅಮ್ಮ ಫೋನು ತೆಗೆದು ಇಂಗ್ಲಿಷ್ ಸೊನ್ನೆ ಒತ್ತಿ ಇಡುತ್ತಿದ್ದಳು. ಚರ್ಚೆ ಇಲ್ಲ, ಏಕಾದಶಿ ಇಲ್ಲ. ನಾನು ಕಲಿತಳಲ್ಲ ಎಂದುಕೊಂಡೆ. ಆದರೆ ಕೋಣೆ ತುಂಬ ಬಾಮಿನ ವಾಸನೆ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಬೆಳಿಗ್ಗೆ ಸೊಳೆ ಬಿಡಿಸಿ ಬೇಯಿಸುವುದು, ಮೆಣಸು ಉಪ್ಪು ಹಾಕಿ ಗುದ್ದುವುದು, ನೆಲಕ್ಕೆ ಕೂತು ಎಣ್ಣೆ ಸವರಿದ ಪ್ಲಾಸ್ಟಿಕ್ಕಿನ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು, ಎದ್ದು ಹೋಗಿ ಬಿಸಿಲಿಗೆ ಹಾಕುವುದು, ಮತ್ತೆ ಕೂರುವುದು. ಮಳೆಗಾಲಕ್ಕೆ ಮೊದಲು ಆಗಬೇಕಲ್ವಾ.

“ನೋವಿಲ್ಲವಾ ಅಮ್ಮ?”

“ಉಂಟು. ಇಲ್ಲದೆ?”

“ಮತ್ತೆ ಸೊನ್ನೆ ಯಾಕೆ?”

“ಏಳು ಅಂತ ಕಳಿಸಿದ್ರೆ ಆ ಹುಡುಗಿ ಫೋನ್ ಮಾಡಿ ಹಪ್ಪಳ ಮಾಡಬೇಡಿ ಅಂದ್ರೆ?”

ಆಗಸ್ಟಿನಲ್ಲಿ ಕೊನೆಯ ಭೇಟಿ. ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ಗೆರೆ ತೋರಿಸಿದಳು. ನಾಲ್ಕು, ಐದು, ನಾಲ್ಕು ಎಂದು ಹೋಗುತ್ತಿದ್ದ ಗೆರೆ ಏಪ್ರಿಲ್‌ನಲ್ಲಿ ದಡಕ್ಕನೆ ಕೆಳಗೆ ಬಿದ್ದು, ಐದು ವಾರ ನೆಲ ಹಿಡಿದು ಮಲಗಿ, ಮತ್ತೆ ಐದಕ್ಕೆ ಎದ್ದಿತ್ತು. ಅವಳ ಕಣ್ಣು ಹೊಳೆಯುತ್ತಿತ್ತು. “ಅಮ್ಮ, ಈ ಐದು ವಾರ ನಿಮಗೆ ನೋವೇ ಇರಲಿಲ್ಲ! ಆಗ ಎಂತ ಮಾಡ್ತಿದ್ರಿ? ವ್ಯಾಯಾಮ ಸರಿ ಮಾಡಿದ್ರಾ?”

ಅಮ್ಮ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಮ್ಮ ಚೀಲಕ್ಕೆ ಕೈ ಹಾಕಿ, ಪೇಪರಿನಲ್ಲಿ ಸುತ್ತಿ ನೂಲು ಕಟ್ಟಿದ ಒಂದು ಕಟ್ಟು ತೆಗೆದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.

“ಇದು ಮಾಡಿದ್ದು ಮಗಾ. ನಿನಗೇ ಅಂತ ತಂದೆ.”

ಹುಡುಗಿ ಕಟ್ಟನ್ನು ನೋಡಿದಳು, ಗೆರೆಯನ್ನು ನೋಡಿದಳು, ಇನ್ನೊಮ್ಮೆ ಕಟ್ಟನ್ನು ನೋಡಿದಳು. ನಿಧಾನಕ್ಕೆ ಪೆನ್ನು ತೆಗೆದಳು.

“ಒಟ್ಟು ಎಷ್ಟು ಮಾಡಿದ್ರಿ ಅಮ್ಮ?”

“ಈ ವರ್ಷ ಜಾಸ್ತಿ ಇಲ್ಲ. ಒಂದು ಏಳೆಂಟ್ನೂರು.”

“ಏಳಾ, ಎಂಟಾ?”