ಹವ್ಯಾಸ ತನ್ನ ಖರ್ಚು ತಾನೇ ದುಡೀಬೇಕಂತೆ!

ಹಳೇ ವಿಡಿಯೋ ಗೇಮ್ ಸಂಗ್ರಹ ಮಾಡ್ತೀನಿ ಅಂತ ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ಉಪದೇಶ ಶುರು ಮಾಡ್ತಾರೆ. ಮೊದಲನೇದು, "ಇನ್ನೂ ಚಿಕ್ಕ ಮಗೂನಾ ನೀನು?" ಅದು ಬಿಡಿ, ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ. ಮೈ ಉರಿಸೋದು ಎರಡನೇದು. "ಅದಕ್ಕೆ ಸಂಬಳದ ದುಡ್ಡು ಯಾಕೆ ಹಾಕ್ತೀಯ? ಅಗ್ಗಕ್ಕೆ ಕೊಂಡು ಮಾರು. ಬಂದ ಲಾಭದಲ್ಲಿ ನಿನಗೆ ಬೇಕಾದ್ದು ತಗೋ. ಹವ್ಯಾಸ ಪುಗಸಟ್ಟೆ ಆಗುತ್ತೆ!" ಹೀಗೆ ಹೇಳಿದವರಲ್ಲಿ ಒಬ್ಬರಾದರೂ ಜೀವಮಾನದಲ್ಲಿ ಗೇಮ್ ತುಂಬಿರೋ ಒಂದು ಪ್ಲಾಸ್ಟಿಕ್ ಡಬ್ಬಿ, ಅದೇ ಕಾರ್ಟ್ರಿಜ್, ಪ್ಯಾಕ್ ಮಾಡಿ ಕಳಿಸಿದವರಲ್ಲ. ಯಾವುದೋ ವಿಡಿಯೋ ನೋಡಿರ್ತಾರೆ. ಅದರಲ್ಲಿ ಯಾರೋ ಒಬ್ಬ ಹಳೇ ಸಾಮಾನಿನ ಪೆಟ್ಟಿಗೆ ಕೊಳ್ತಾನೆ, ಬಿಚ್ಚಿದರೆ ಒಳಗೆ ನಿಧಿ. ಅದೇ ಮನುಷ್ಯ ಬಿಚ್ಚಿ ಏನೂ ಸಿಗದೆ ಕಟ್ಟಿ ಮೂಲೆಗಿಟ್ಟ ಪೆಟ್ಟಿಗೆಗಳ ವಿಡಿಯೋ ಯಾರು ಹಾಕ್ತಾರೆ, ಯಾರು ನೋಡ್ತಾರೆ?

ನನ್ನ ಪರಿಸ್ಥಿತಿ ಗುಟ್ಟೇನಲ್ಲ. ಸಂಬಳ ಬರುತ್ತೆ, ಬಾಡಿಗೆ, ಸಾಲದ ಕಂತು, ಫೀಸು, ಔಷಧಿ ಅಂತ ಹೋಗುತ್ತೆ. ಮನೆ ಖರ್ಚಿನ ದುಡ್ಡಿಗೆ ಗೇಮ್ ಸಲುವಾಗಿ ಕೈ ಹಾಕಲ್ಲ ಅನ್ನೋದು ನಾನೇ ಎಳ್ಕೊಂಡಿರೋ ಗೆರೆ, ಅದನ್ನ ದಾಟಿಲ್ಲ, ದಾಟೋದೂ ಇಲ್ಲ. ಉಳಿಯೋದು ಚಿಲ್ಲರೆ. ಆ ಚಿಲ್ಲರೆಗೆ ಇವತ್ತು ಸುಮಾರಾದ ಒಂದು ಕಾರ್ಟ್ರಿಜ್ ಕೂಡ ಬರಲ್ಲ. ಹಾಗಾಗಿ ಮೇಲಿನ ದುಡ್ಡು ಎಲ್ಲಿಂದಾದರೂ ಹುಟ್ಟಿಸಲೇಬೇಕು, ಅಲ್ಲಿಂದ ಶುರು ನನ್ನ ಗೋಳು.

ಪ್ರಶ್ನೆಗೆ ಉತ್ತರಿಸಿದರೆ ದುಡ್ಡು ಕೊಡ್ತೀವಿ ಅನ್ನೋ ಸಮೀಕ್ಷೆ ಆ್ಯಪ್‌ಗಳ ಬಗ್ಗೆ ಹೆಚ್ಚು ಬರೆದು ನನ್ನ ಬಿಪಿ ಏರಿಸಿಕೊಳ್ಳಲ್ಲ. ವಯಸ್ಸು, ಕೆಲಸ, ಮನೇಲಿ ಎಷ್ಟು ಜನ, ಯಾವ ಸೋಪು ಬಳಸ್ತೀರಿ, ಎಲ್ಲ ಕೇಳಿ ಮುಗಿಸಿ ಕೊನೇಲಿ "ಕ್ಷಮಿಸಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ" ಅನ್ನುತ್ತೆ. ಮಾಹಿತಿ ಅಷ್ಟೂ ಅವರಿಗೆ, ಬಿಡಿಗಾಸು ನಮಗಿಲ್ಲ. ಅಷ್ಟೋ ಇಷ್ಟೋ ಸೇರಿದರೂ ಕನಿಷ್ಠ ಮೊತ್ತ ಮುಟ್ಟೋವರೆಗೆ ಹೊರಗೆ ತೆಗೆಯೋ ಹಾಗಿಲ್ಲ. ಇನ್ನು ಓವರ್‌ಟೈಮ್. ಅದರಲ್ಲಿ ದುಡ್ಡು ಬರುತ್ತೆ, ಸುಳ್ಳು ಹೇಳಲ್ಲ. ಆದರೆ ಮನೆ ಮುಟ್ಟೋ ಹೊತ್ತಿಗೆ ಕಂಟ್ರೋಲರ್ ಎತ್ತೋಕೂ ಕೈಲಾಗಲ್ಲ. ಆಡೋ ಹೊತ್ತನ್ನ ಮಾರಿ ಆಡೋ ಸಾಮಾನು ಕೊಂಡರೆ ಏನು ಬಂತು ಭಾಗ್ಯ?

ಸರಿ, ಎಲ್ಲರೂ ಹೇಳೋ ಆ ಕೊಂಡು ಮಾರೋ ವಿದ್ಯೆಗೇ ಬರೋಣ. ಲಾಟ್ ಅಂತೀವಿ ನಾವು. ಒಂದು ಕನ್ಸೋಲ್ (ಗೇಮ್ ಆಡಿಸೋ ಯಂತ್ರ), ವೈರುಗಳ ಸಿಕ್ಕು, ಜೊತೆಗೆ ಒಂದು ರಾಶಿ ಗೇಮು, ಎಲ್ಲ ಒಟ್ಟಿಗೆ ಒಂದು ರೇಟು. ಅದರಲ್ಲಿ ನನಗೆ ಬೇಕಾದ್ದು ಒಂದೋ ಎರಡೋ. ಅದನ್ನಿಟ್ಟುಕೊಂಡು ಉಳಿದದ್ದನ್ನ ಮಾರಿದರೆ ನನ್ನ ಪಾಲಿನದು ಬಿಟ್ಟಿ ಬಂದ ಹಾಗೆ. ಕೇಳೋಕೆ ಎಷ್ಟು ಚೆಂದ! ರಾಶಿ ಬಿಚ್ಚಿ ನೋಡಿ ಆಮೇಲೆ. ವರ್ಷಕ್ಕೊಂದರಂತೆ ಹೊಸ ಇಸವಿ ಬರೆದುಕೊಂಡು ಬಂದ ಫುಟ್‌ಬಾಲ್ ಗೇಮುಗಳು, ಬರೀ ಅವೇ. ಮುಂದಿನ ವರ್ಷದ್ದು ಬಂದ ದಿನವೇ ಹಿಂದಿನದಕ್ಕೆ ಬೆಲೆ ಹೋಯ್ತು, ಪುಕ್ಕಟೆ ಕೊಟ್ಟರೂ ಮೂಸಿ ನೋಡೋರಿಲ್ಲ. ಒಳ್ಳೇದು ಏನಿತ್ತೋ ಅದನ್ನ ಮಾರೋನು ಫೋನಲ್ಲಿ ರೇಟ್ ನೋಡಿ ಮೊದಲೇ ಎತ್ತಿಟ್ಟಿರ್ತಾನೆ. ನಮಗೆ ಬರೋದು ಜರಡಿ ಹಿಡಿದ ಮೇಲೆ ಉಳಿದ ಹೊಟ್ಟು.

ಆ ಹೊಟ್ಟನ್ನೂ ಹಾಗೇ ಮಾರೋಕಾಗುತ್ತಾ? ಇಲ್ಲ. ಒಂದೊಂದು ಕಾರ್ಟ್ರಿಜ್‌ನ ಪಿನ್ನುಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಬೇಕು. ಯಾವುದೋ ಕಾಲದ ರೇಟಿನ ಸ್ಟಿಕ್ಕರನ್ನ ಲೇಬಲ್ ಹರಿಯದ ಹಾಗೆ ಬಿಡಿಸಬೇಕು. ಒಂದೊಂದನ್ನೂ ಹಾಕಿ ಓಡುತ್ತಾ ನೋಡಬೇಕು. ನಿಂಟೆಂಡೊ ಕಂಪನಿಯ ಹಳೇ ಕನ್ಸೋಲ್ ಸೂಪರ್ ನಿಂಟೆಂಡೊ ಕಾಲದ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಸೇವ್ ಮಾಡಿದ್ದು ನಿಲ್ಲೋದೇ ಒಳಗಿರೋ ಬಟನ್ ಸೆಲ್ಲಿನ ಮೇಲೆ. ಆ ಸೆಲ್ಲು ಸತ್ತಿರುತ್ತೆ. ಬದಲಿಸೋಕೆ ಮಾಮೂಲಿ ಸ್ಕ್ರೂಡ್ರೈವರ್ ನಡೆಯಲ್ಲ, 3.8 ಮಿಲಿಮೀಟರ್‌ನ ವಿಶೇಷ ಬಿಟ್ ಬೇಕು. ಬಿಚ್ಚಿದ ಮೇಲೆ ಬೆಸುಗೆ ಹಾಕಬೇಕು. ಒಮ್ಮೊಮ್ಮೆ ಸೆಲ್ಲಿಗೆ ಇನ್ನೂ ಜೀವ ಇರುತ್ತೆ, ಆನ್ ಮಾಡಿದರೆ ಯಾವುದೋ ಮಗುವಿನ ಹೆಸರಲ್ಲಿ ಅರ್ಧಕ್ಕೆ ನಿಂತ ಆಟ ಹಾಗೇ ಇರುತ್ತೆ. ಅದನ್ನ ಅಳಿಸೋಕೆ ನನಗಂತೂ ಮನಸ್ಸು ಬರಲ್ಲ. ಲಾಭ ಮಾಡೋಕೆ ಹೊರಟವನಿಗೆ ಇಂಥ ಮನಸ್ಸಿರಬಾರದು, ಗೊತ್ತು.

ಕನ್ಸೋಲುಗಳ ಕಥೆ ಇನ್ನೂ ಕೆಟ್ಟದು. ಸೇಗಾ ಕಂಪನಿಯ, ಕೈಯಲ್ಲೇ ಹಿಡಿದು ಆಡೋ ಗೇಮ್ ಗಿಯರ್ ಅಂದರೆ ಒಳಗಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಡೋ ಸಣ್ಣ ಬಿಡಿಭಾಗ) ಸೋರಿದೆ ಅಂತಲೇ ಲೆಕ್ಕ, ದನಿ ಕ್ಷೀಣ, ಪರದೆ ಮಂಕು. ಮೊದಲ ಎಕ್ಸ್‌ಬಾಕ್ಸ್‌ನ ಗಡಿಯಾರಕ್ಕೆ ಅಂತ ಇಟ್ಟಿರೋ ಕೆಪಾಸಿಟರ್ ಸೋರಿ ಬೋರ್ಡನ್ನೇ ತಿಂದುಬಿಡುತ್ತೆ. ಇದನ್ನೆಲ್ಲ ರಾತ್ರಿ ಕೂತು ಸರಿಮಾಡಿದ ಕೂಲಿ ಯಾರ ಲೆಕ್ಕದಲ್ಲೂ ಇಲ್ಲ. "ಇಷ್ಟಕ್ಕೆ ಕೊಂಡೆ, ಅಷ್ಟಕ್ಕೆ ಮಾರಿದೆ, ಮಧ್ಯದ್ದು ಲಾಭ" ಅಂತೀರಲ್ಲ, ಆ ಮಧ್ಯದಲ್ಲಿ ನನ್ನ ಕಣ್ಣು, ಸೊಂಟ, ನಿದ್ದೆ ಎಲ್ಲ ಇದೆ ಕಣ್ರೀ.

ಆನ್‌ಲೈನ್ ತಾಣದಲ್ಲಿ ಮಾರಾಟಕ್ಕೆ ಹಾಕಿದ ಕ್ಷಣದಿಂದ ಶುರುವಾಗುತ್ತೆ ನಿಜವಾದ ಪೂಜೆ. ರೇಟು ಬರೆದಿರ್ತೀನಿ, ಚಿತ್ರ ಹಾಕಿರ್ತೀನಿ, ಯಾವ ಮೂಲೆ ಸವೆದಿದೆ ಅನ್ನೋದನ್ನೂ ಬರೆದಿರ್ತೀನಿ. ಆದರೂ ಬರೋ ಮೊದಲ ಮೆಸೇಜು "ಲಾಸ್ಟ್ ಎಷ್ಟು?" ನಮಸ್ಕಾರ ಇಲ್ಲ, ಯಾವ ಗೇಮು ಅಂತ ಇಲ್ಲ, ಬರೀ "ಲಾಸ್ಟ್ ಎಷ್ಟು?" ಅರ್ಧ ರೇಟಿಗೆ ಕೇಳೋರು ಎಷ್ಟೋ ವಾಸಿ. ಕೆಲವರು ಮಗನ ಹುಟ್ಟಿದಹಬ್ಬ, ಪಾಪ ಆಸೆಪಟ್ಟಿದಾನೆ ಅಂತ ಅಳುಮೋರೆ ಹಾಕಿ ಕಡಿಮೆ ಮಾಡಿಸಿಕೊಂಡು ಹೋಗ್ತಾರೆ. ಮಾರನೇ ವಾರ ಅದೇ ಗೇಮು, ನಾನು ತೆಗೆದ ಅದೇ ಚಿತ್ರ, ಅವರ ಹೆಸರಲ್ಲಿ, ಒಂದೂವರೆ ಪಟ್ಟು ರೇಟಿಗೆ! ಮಗನಿಗೆ ಅಷ್ಟು ಬೇಗ ಬೇಜಾರಾಯ್ತೇನೋ.

ಮಾರಾಟವಾದರೆ ತಾಣದವರ ಕಮಿಷನ್. ಅದೂ ಗೇಮಿನ ಬೆಲೆ ಮೇಲೆ ಮಾತ್ರ ಅಲ್ಲ, ಕಳಿಸೋ ಖರ್ಚಿನ ಮೇಲೂ. ಕೊರಿಯರ್‌ನವನ ಜೇಬಿಗೆ ಹೋಗೋ ದುಡ್ಡಿನ ಮೇಲೂ ನಾನು ಇವರಿಗೆ ಪಾಲು ಕೊಡಬೇಕು, ಯಾವ ಊರಿನ ನ್ಯಾಯ ಸ್ವಾಮಿ ಇದು? ಮೇಲಿಂದ ರಟ್ಟಿನ ಡಬ್ಬ, ಗುಳ್ಳೆ ಪ್ಲಾಸ್ಟಿಕ್, ಟೇಪು. ಇಷ್ಟೆಲ್ಲ ಕಳೆದು ಕೈಗೆ ಬಂತಪ್ಪಾ ಅನ್ನೋಷ್ಟರಲ್ಲಿ ವಾಪಸಾತಿ. ಗೀರಿಲ್ಲದ ಡಿಸ್ಕ್ ಕಳಿಸಿರ್ತೀನಿ. "ಓಡ್ತಿಲ್ಲ" ಅಂತ ವಾಪಸ್ ಬರುತ್ತೆ, ತೆಗೆದು ನೋಡಿದರೆ ಬಾಕ್ಸು ನನ್ನದು, ಒಳಗಿರೋ ಗೀರುಬಿದ್ದ ಡಿಸ್ಕ್ ಅವನದು. ದೂರು ಕೊಟ್ಟರೆ ಒಂದು ಸಿದ್ಧ ಉತ್ತರ: ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ಖರೀದಿದಾರರಿಗೆ ಹಣ ಮರಳಿಸಲಾಗಿದೆ. ನನ್ನ ಗೇಮೂ ಹೋಯ್ತು, ದುಡ್ಡೂ ಹೋಯ್ತು, ವಾಪಸ್ ಬಂದ ಪಾರ್ಸೆಲ್ಲಿನ ಖರ್ಚೂ ನನ್ನ ತಲೆಗೇ.

ನಕಲಿಗಳ ಕಾಟ ಬೇರೆ. ನಿಂಟೆಂಡೊದ ಕೈಯಲ್ಲಿ ಹಿಡಿಯೋ ಕನ್ಸೋಲ್ ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಕಾರ್ಟ್ರಿಜ್‌ಗಳಲ್ಲಿ ಅಸಲಿಗಿಂತ ನಕಲಿಯೇ ಕಣ್ಣಿಗೆ ಹೆಚ್ಚು ಬೀಳೋದು. ಲೇಬಲ್ಲಿನ ಮೇಲೆ ಅಚ್ಚೊತ್ತಿದ ಸಣ್ಣ ಅಂಕಿ ಇದೆಯಾ, ಕೆಳಗಿನ ಪಿನ್ನುಗಳ ಮೇಲ್ಭಾಗದಲ್ಲಿ ಬೋರ್ಡಿನ ಮೇಲೆ ನಿಂಟೆಂಡೊ ಅನ್ನೋ ಹೆಸರು ಸರಿಯಾಗಿ ಕಾಣುತ್ತಾ, ಎಲ್ಲ ನೋಡಿ ಕೊಳ್ಳಬೇಕು. ಮಾರುವಾಗ ಅದೇ ಅನುಮಾನ ನನ್ನ ಮೇಲೆ ತಿರುಗುತ್ತೆ. ಬಿಚ್ಚಿ ಬೋರ್ಡಿನ ಫೋಟೋ ಕಳಿಸು ಅಂತಾರೆ. ಕಳಿಸಿದರೆ, ಬಿಚ್ಚಿದ ಕಾರ್ಟ್ರಿಜ್ ಅಲ್ವಾ, ಕಡಿಮೆ ಮಾಡು ಅಂತಾರೆ. ಏನು ಹೇಳ್ತೀರಿ ಇಂಥವರಿಗೆ!

ಬೆಲೆ ಯಾಕೆ ಹೀಗಾಯ್ತು ಅನ್ನೋದಕ್ಕೂ ಒಂದಿಷ್ಟು ಇತಿಹಾಸ ಇದೆ. 2021ರ ಏಪ್ರಿಲ್‌ನಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೋ ಬ್ರದರ್ಸ್ ಹರಾಜಿನಲ್ಲಿ 6.6 ಲಕ್ಷ ಡಾಲರ್‌ಗೆ ಹೋಯ್ತು. ಜುಲೈನಲ್ಲಿ ಲೆಜೆಂಡ್ ಆಫ್ ಜೆಲ್ಡಾ 8.7 ಲಕ್ಷಕ್ಕೆ. ಅದಾಗಿ ಎರಡೇ ದಿನಕ್ಕೆ ಸೂಪರ್ ಮಾರಿಯೋ 64, 15.6 ಲಕ್ಷ ಡಾಲರ್! ಅದೇನು ಅಪರೂಪದ ಗೇಮಾ? ಜಗತ್ತಿನಾದ್ಯಂತ 1 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಗೇಮು. ಆ ಬೆಲೆ ಬಂದಿದ್ದು ಸೀಲಿಗೆ, ಗಾಜಿನಂಥ ಪೆಟ್ಟಿಗೆಯೊಳಗೆ ಕೂರಿಸಿ, ಎಷ್ಟು ಹೊಸದರಂತಿದೆ ಅಂತ ಅಳೆದು ಕೊಟ್ಟ ಗ್ರೇಡಿಗೆ. ಅದನ್ನ ಕೊಂಡವನು ತೆಗೆದು ಆಡೋ ಹಾಗೇ ಇಲ್ಲ, ಒಡೆದರೆ ಬೆಲೆ ಹೋಯ್ತು. ಆದರೆ ಸುದ್ದಿ ಓದಿದವರಿಗೆ ಇದೆಲ್ಲ ಯಾಕೆ? ಅಟ್ಟದ ಮೇಲೆ ಹಳೇ ಕಾರ್ಟ್ರಿಜ್ ಇದ್ದವರೆಲ್ಲ ಲಕ್ಷಾಧಿಪತಿ ಕನಸು ಕಂಡರು. ಲೇಬಲ್ ಹರಿದು, ಪೆನ್ನಿನಲ್ಲಿ ಹೆಸರು ಗೀಚಿರೋದಕ್ಕೂ "ರೇರ್" ಅಂತ ಬರೆದು ಕೂತರು. ಅರ್ತ್‌ಬೌಂಡ್ ಅನ್ನೋ ಗೇಮ್ ಇದೆಯಲ್ಲ, 1995ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ದೊಡ್ಡ ಪೆಟ್ಟಿಗೆಯಲ್ಲಿ ಗೈಡ್ ಪುಸ್ತಕದ ಸಮೇತ ಬಂದರೂ ಕೇಳೋರಿರಲಿಲ್ಲ. ಈಗ ಆ ಪೆಟ್ಟಿಗೆ ಪೂರ್ತಿ ಸಿಗೋದನ್ನ ನನ್ನಂಥವರು ಚಿತ್ರದಲ್ಲಿ ನೋಡಿ ತೃಪ್ತಿಪಡಬೇಕು ಅಷ್ಟೇ.

ಆದರೆ ಆ ಲಕ್ಷಗಟ್ಟಲೆ ಡಾಲರ್ ಸುರಿಯೋರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರ ಲೋಕ ಬೇರೆ. ನನ್ನ ಸಿಟ್ಟು ಈ "ಹವ್ಯಾಸ ತಾನೇ ದುಡೀಲಿ" ಅನ್ನೋ ಮಂತ್ರದ ಮೇಲೆ. ನಾನು ಲಾಟ್ ಕೊಂಡು, ಒಂದನ್ನಿಟ್ಟುಕೊಂಡು, ಉಳಿದದ್ದರ ಮೇಲೆ ಲಾಭ ಹೊರಿಸಿ ಮಾರ್ತೀನಿ. ಅದನ್ನ ಕೊಳ್ಳೋನು ಯಾರು? ನನ್ನ ಹಾಗೇ ಓವರ್‌ಟೈಮ್ ಮಾಡಿ ದುಡ್ಡು ಕೂಡಿಸಿದ ಇನ್ನೊಬ್ಬ ಸಂಗ್ರಾಹಕ. ಅವನು ಆ ನಷ್ಟ ತುಂಬಿಕೊಳ್ಳೋಕೆ ತನ್ನಲ್ಲಿರೋದರ ರೇಟು ಏರಿಸ್ತಾನೆ, ಅದನ್ನ ಮತ್ತೆ ನಾನು ಕೊಳ್ತೀನಿ. ದುಡ್ಡು ನಮ್ಮ ನಮ್ಮಲ್ಲೇ ಸುತ್ತು ಹೊಡೀತಿದೆ, ಪ್ರತಿ ಸುತ್ತಿಗೂ ತಾಣದವರು ಒಂದು ಹಿಡಿ, ಕೊರಿಯರ್‌ನವರು ಒಂದು ಹಿಡಿ ತಗೊಂಡು ಹೋಗ್ತಿದಾರೆ. ಎಲ್ಲರ ಹವ್ಯಾಸವೂ ಪುಗಸಟ್ಟೆ ಆಗ್ಬೇಕಾದ್ರೆ ಖರ್ಚು ಹೊರೋನು ಯಾರಪ್ಪಾ? ಈ ಲೆಕ್ಕ ಆ ಉಪದೇಶಿಗಳಿಗೆ ಹೊಳೆಯೋದೇ ಇಲ್ಲ.

"ಅಷ್ಟು ಕಷ್ಟ ಯಾಕೆ, ಡಿಜಿಟಲ್ ತಗೊಂಡು ಆಡು" ಅನ್ನೋ ಜಾಣರೂ ಇದಾರೆ. ನಿಂಟೆಂಡೊದ ವೀ ಕನ್ಸೋಲಿನ ಡಿಜಿಟಲ್ ಅಂಗಡಿ 2019ರ ಜನವರಿಯಲ್ಲಿ ಬಾಗಿಲು ಹಾಕ್ತು. ಅವರದೇ 3ಡಿಎಸ್, ವೀ ಯು ಕನ್ಸೋಲುಗಳ ಅಂಗಡಿಗಳು 2023ರ ಮಾರ್ಚ್‌ನಲ್ಲಿ. ಎಕ್ಸ್‌ಬಾಕ್ಸ್ 360ರದ್ದು 2024ರ ಜುಲೈನಲ್ಲಿ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮುಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಹೊಸದಾಗಿ ಸಿಗಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲೇ ಹೇಳಿದೆ. ಅಂದರೆ ಸೆಕೆಂಡ್ ಹ್ಯಾಂಡ್ ಬಿಟ್ಟರೆ ನ್ಯಾಯವಾದ ದಾರಿಯೇ ಇಲ್ಲ, ಆ ದಾರಿಯಲ್ಲಿ ನೂರೆಂಟು ಸುಂಕದವರು. ಡಿಸ್ಕ್ ಇದ್ದರೂ ಗ್ಯಾರಂಟಿ ಇಲ್ಲ ಅನ್ನಿ. ಇಂಟರ್ನೆಟ್ ಇಲ್ಲದೆ ಓಡದ, 2014ರ ದ ಕ್ರೂ ಅನ್ನೋ ಗೇಮಿನ ಸರ್ವರ್‌ಗಳನ್ನ 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡ ಡಿಸ್ಕ್ ಈಗ ಲೋಟದ ಕೆಳಗೆ ಇಡೋಕೆ ಲಾಯಕ್ಕು. ನಿಂಟೆಂಡೊದ ಕನ್ಸೋಲ್ ಸ್ವಿಚ್ 2ರ ಗೇಮ್-ಕೀ ಕಾರ್ಡ್ ಅಂತೂ ಇನ್ನೂ ಮಜಾ, ಕಾರ್ಡಿನೊಳಗೆ ಗೇಮೇ ಇಲ್ಲ, ಡೌನ್‌ಲೋಡ್ ಮಾಡ್ಕೊಳ್ಳೋ ಅಪ್ಪಣೆ ಮಾತ್ರ. ಶೆಲ್ಫಿನಲ್ಲಿ ಜೋಡಿಸಿಟ್ಟುಕೊಂಡು ಏನನ್ನ ಸಂಗ್ರಹಿಸಿದೆ ಅಂತ ಹೇಳ್ಕೊಳ್ಳೋದು?

ಇಷ್ಟೆಲ್ಲದರ ನಡುವೆ ನನಗೆ ನಿಜವಾಗಿ ಹೊಟ್ಟೆ ಉರಿಯೋದು ಬೇರೆ. ಶೆಲ್ಫಿನ ಮುಂದೆ ನಿಂತರೆ ಮೊದಲು ಗೇಮ್ ಕಾಣ್ತಿತ್ತು, ಈಗ ರೇಟ್ ಕಾಣುತ್ತೆ. ಇದನ್ನ ಮಾರಿದರೆ ಅದು ಬರುತ್ತೆ, ಅದರ ಬಾಕ್ಸ್ ಬೇರೆ ಮ್ಯಾನ್ಯುಯಲ್ ಬೇರೆ ಮಾರಿದರೆ ಇನ್ನೂ ಒಂದಿಷ್ಟು ಬರುತ್ತೆ. ಮೊನ್ನೆ ನನ್ನ ಹೆಂಡತಿ ಕೇಳಿದಳು, "ನೀವು ಗೇಮ್ ಆಡೋದನ್ನ ನೋಡಿ ಎಷ್ಟು ಕಾಲ ಆಯ್ತು ರೀ? ಬರೀ ಟೇಪ್ ಸುತ್ತೋದೇ ಕಾಣುತ್ತೆ." ಏನೂ ಉತ್ತರ ಕೊಡಲಿಲ್ಲ. ಸಿಟ್ಟು ಬಂತು, ಅವಳ ಮೇಲಲ್ಲ.

ಇನ್ನೊಂದು ವಿಷಯ. ಇದು ಬರೀ ಗೇಮಿನವರ ಪಾಡಲ್ಲ. ಕ್ಯಾಮೆರಾ ಕೊಂಡವನಿಗೆ ಮದುವೆ ಫೋಟೋ ತೆಗಿ ಅಂತಾರೆ, ಚೆನ್ನಾಗಿ ಅಡುಗೆ ಮಾಡೋಳಿಗೆ ಆರ್ಡರ್ ತಗೋ ಅಂತಾರೆ, ಹೊಲಿಗೆ ಗೊತ್ತಿದ್ದರೆ ಅಂಗಡಿ ಇಡು ಅಂತಾರೆ. ಖುಷಿಗೆ ಅಂತ ಒಂದು ಕೆಲಸ ಮಾಡಿ, ಅದಕ್ಕೆ ದುಡಿದ ದುಡ್ಡು ಖರ್ಚು ಮಾಡೋದು ಇವರ ಕಣ್ಣಿಗೆ ಅಪರಾಧ. ನನ್ನ ಖುಷಿ ಯಾಕೆ ಯಾರಿಗೋ ಲಾಭ ನಷ್ಟದ ಪಟ್ಟಿ ಒಪ್ಪಿಸಬೇಕು? ಸಿನಿಮಾ ನೋಡಿ ಬಂದವನಿಗೆ ಟಿಕೆಟ್ ದುಡ್ಡು ವಾಪಸ್ ಬಂತಾ ಅಂತ ಕೇಳ್ತೀರಾ?

ಸಾಕಾಗಿ ಮಾರಾಟದ ಜಾಹೀರಾತು ಎಲ್ಲ ತೆಗೆದು ಹಾಕಿದೀನಿ. ಕಂಟ್ರೋಲರ್ ರಿಪೇರಿ ಕೆಲಸ ಒಂದನ್ನ ಮಾತ್ರ ಉಳಿಸಿಕೊಂಡಿದೀನಿ. ಸ್ಟಿಕ್ ತನ್ನಷ್ಟಕ್ಕೆ ಜಾರೋದನ್ನ ಸರಿಮಾಡಿ ಕೊಟ್ಟರೆ ಕೂಲಿ ಬರುತ್ತೆ, ಯಾರ ಸಂಗ್ರಹದ ರೇಟೂ ಅದರಿಂದ ಏರಲ್ಲ. ಅದರಲ್ಲಿ ಬಂದಷ್ಟಕ್ಕೆ, ಬಂದಾಗ ಕೊಳ್ತೀನಿ. ವರ್ಷಕ್ಕೆ ಎರಡು ಬಂದರೆ ಎರಡು. ಇನ್ನೂ ಬಿಡಿಸದ ಒಂದಿಷ್ಟು ಲಾಟ್ ಮನೇಲಿ ಬಿದ್ದಿದೆ, ಬೇಕಾದವರು ಕೊಂಡ ರೇಟಿಗೇ ತಗೊಂಡು ಹೋಗಿ, ಒಂದು ಪೈಸೆ ಲಾಭ ಬೇಡ. ಆದರೆ ಚೌಕಾಸಿ ಮಾಡಂಗಿಲ್ಲ, ಮತ್ತೆ ಅದರಲ್ಲಿರೋ ಫುಟ್‌ಬಾಲ್ ಗೇಮುಗಳನ್ನೂ ಒಂದೂ ಬಿಡದೆ ಹೊತ್ಕೊಂಡು ಹೋಗಬೇಕು.