ಕರಾವಳಿಗೆ ಬರೋರು ಕಾರು ಬಿಟ್ಟು ಬನ್ನಿ

ಸಾಲು ರಜೆ ಬಂತು ಅಂದರೆ ಬೆಂಗಳೂರಿನ ಗೆಳೆಯರ ಫೋನ್ ಶುರು. ‘ಗೋಕರ್ಣಕ್ಕೆ ಹೊರಟಿದ್ದೀವಿ, ಯಾವ ಘಾಟಿ ಬಿಟ್ಟಿದ್ದಾರೆ?’ ‘ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಉಡುಪಿಗೆ ಊಟದ ಹೊತ್ತಿಗೆ ಬರಬಹುದಾ?’ ಕರಾವಳಿಯವನು ಅಂತ ನನ್ನನ್ನು ಕೇಳುತ್ತಾರೆ, ಆದರೆ ಕಾರಿನಲ್ಲೇ ಹೋಗೋದು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ನನ್ನ ಉತ್ತರ ಯಾರಿಗೂ ಇಷ್ಟ ಆಗಲ್ಲ. ಕಾರು ಬೇಡ ಮಾರಾಯ್ರೆ.

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಹಾಸನದವರೆಗೆ ಏನೂ ತಕರಾರಿಲ್ಲ. ಆಟ ಶುರುವಾಗೋದು ಸಕಲೇಶಪುರ ದಾಟಿದ ಮೇಲೆ. ಶಿರಾಡಿಯಲ್ಲಿ ಮುಂದೆ ಕಂಟೇನರ್ ಲಾರಿ, ಎದುರಿಗೆ ಗ್ಯಾಸ್ ಟ್ಯಾಂಕರ್, ಹಿಂದಿನಿಂದ ಲೈಟ್ ಹೊಡೆಯುತ್ತಾ ಬರುವ ಸ್ಲೀಪರ್ ಬಸ್ಸು. ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಕುಸಿದರೆ ಅಲ್ಲಿಗೆ ಮುಗಿಯಿತು, ಎಲ್ಲರೂ ಚಾರ್ಮಾಡಿಗೆ ತಿರುಗುತ್ತಾರೆ. ಚಾರ್ಮಾಡಿ ಚಂದವೇ. ಆದರೆ ಮಂಜು ಇಳಿದರೆ ಬಾನೆಟ್ ಆಚೆ ಏನೂ ಕಾಣುವುದಿಲ್ಲ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳು. ಸ್ಟಿಯರಿಂಗ್ ಹಿಡಿದವನಿಗೆ ಕಣಿವೆ ನೋಡೋಕೆ ಪುರುಸೊತ್ತಿಲ್ಲ, ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ. ಇಷ್ಟೆಲ್ಲ ಆಗಿ ರೂಮು ಸೇರಿದ ಮೇಲೆ ಒಬ್ಬರೂ ಸಮುದ್ರದ ಕಡೆ ಹೋಗಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು ಮಲಗುತ್ತಾರೆ.

ರೈಲಿದೆಯಲ್ಲ! ಹಳೆಯ ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಹಾಕೋಕೆ ವರ್ಷಗಟ್ಟಲೆ ಹಿಡಿದು, ಕೊನೆಗೆ 2007ರ ಡಿಸೆಂಬರ್‌ನಲ್ಲಿ ಘಟ್ಟದ ಮೇಲೆ ಮತ್ತೆ ಜನರ ರೈಲು ಓಡಿತು. 2020ರಿಂದ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಹತ್ತಿ ಮಲಗಿದರೆ ಸಾಕು. ಉಡುಪಿ, ಕುಂದಾಪುರದವರು ಮಾತ್ರ ಇನ್ನೂ ಕತ್ತಲಿರುವಾಗಲೇ ಎದ್ದು ಇಳಿಯಬೇಕು. ಕುಮಟಾ, ಗೋಕರ್ಣ, ಕಾರವಾರದವರಿಗೆ ಪೂರ್ತಿ ನಿದ್ದೆ. ಒಂದು ವಿಷಯ ನೆನಪಿರಲಿ, ಇದು ಮಂಗಳೂರು ಪೇಟೆಯೊಳಗೆ ಬರುವುದಿಲ್ಲ, ಪಡೀಲ್‌ನಿಂದಲೇ ಉತ್ತರಕ್ಕೆ ತಿರುಗುತ್ತದೆ. ಮಂಗಳೂರಿಗೇ ಹೋಗೋರು ಬೇರೆ ಗಾಡಿ ನೋಡಿ.

ಮೊದಲ ಸಲ ಬರುವವರು ಒಂದು ದಿಕ್ಕಿಗಾದರೂ ಹಗಲು ರೈಲು ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ಗಾಡಿ ತೆವಳುತ್ತದೆ, ಬ್ರೇಕಿನ ಸುಟ್ಟ ವಾಸನೆ ಕಿಟಕಿಯೊಳಗೆ ಬರುತ್ತದೆ. ಒಂದೊಂದು ಸುರಂಗ ಹೊಕ್ಕಾಗಲೂ ಬೋಗಿಯ ಹುಡುಗರೆಲ್ಲ ‘ಹೋ’ ಅಂತ ಕೂಗುತ್ತಾರೆ, ಕತ್ತಲಲ್ಲಿ ಯಾರದ್ದೋ ಮಗು ಅಳುತ್ತದೆ, ಬೆಳಕು ಬಂದ ತಕ್ಷಣ ಕೆಳಗೆ ಸೇತುವೆ, ಅದರ ಕೆಳಗೆ ಹೊಳೆ. ಎಡಕುಮೇರಿ ಸ್ಟೇಷನ್ನಿನಲ್ಲಿ ನಿಂತರೆ ಸುತ್ತ ಕಾಡು ಬಿಟ್ಟು ಮತ್ತೇನಿಲ್ಲ. 2021ರಿಂದ ದೊಡ್ಡ ಗಾಜಿನ ಕಿಟಕಿ, ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ, ದುಡ್ಡು ಜಾಸ್ತಿ. ನನಗೇನೋ ಎಸಿ ಗಾಜಿನೊಳಗೆ ಕೂತು ಘಟ್ಟ ನೋಡೋದು ರುಚಿಸಲ್ಲ. ಸಾಮಾನ್ಯ ಬೋಗಿಯ ಕಿಟಕಿ ಸೀಟು ಸಿಕ್ಕಿದರೆ ಅದೇ ಸ್ವರ್ಗ.

ಟಿಕೆಟ್ ಸಿಗಲ್ಲ ಅಂತೀರಿ. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಸಾಲು ರಜೆ ಯಾವಾಗ ಅಂತ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಅಚ್ಚಾಗಿರುತ್ತದೆ ಅಲ್ವಾ? ಹಾಗಂತ ರೈಲೂ ಪೂರ್ತಿ ನಂಬಿಕೆಗೆ ಅಂತೇನಲ್ಲ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಈ ದಾರಿ ಬಂದ್ ಆಗಿತ್ತು. ಅದೇ ತಿಂಗಳು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡವೇ ಬಿದ್ದು ಜೀವಗಳು ಹೋದವು. ಜುಲೈ–ಆಗಸ್ಟ್‌ನ ಆಟಿ ತಿಂಗಳ ಜಡಿಮಳೆಯಲ್ಲಿ ಬರಲೇಬೇಕು ಅಂತೇನಿಲ್ಲ. ಆ ಸಮಯದಲ್ಲಿ ಕಡಲಿಗೂ ಯಾರನ್ನೂ ಇಳಿಯಲು ಬಿಡುವುದಿಲ್ಲ.

ವಿಮಾನ? ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಹಾರೋದು ಒಂದು ಗಂಟೆಯಷ್ಟೇ. ದೇವನಹಳ್ಳಿ ತಲುಪೋ ಹೊತ್ತನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ, ಸುಮ್ನೆ ಹೇಳಿದೆ. ಮಂಗಳೂರಿನ ಕೆಲಸಕ್ಕೆ ಸರಿ. ಗೋಕರ್ಣ, ಕಾರವಾರಕ್ಕಾದರೆ ಬಜ್ಪೆಗಿಂತ ಗೋವಾದ ದಾಬೋಲಿಮ್ಮೇ ಹತ್ತಿರ.

‘ಬಂದಮೇಲೆ ಓಡಾಡೋಕೆ ಕಾರು ಬೇಡ್ವಾ?’ ಎಲ್ಲರೂ ಇದನ್ನೇ ಕೇಳುತ್ತಾರೆ. ಘಟ್ಟಕ್ಕೂ ಕಡಲಿಗೂ ನಡುವಿನ ಸಪೂರ ಪಟ್ಟಿ ಇದು. ತಲಪಾಡಿಯಿಂದ ಕಾರವಾರದವರೆಗೆ ಒಂದೇ ಹೆದ್ದಾರಿ, ಅದರ ಪಕ್ಕದಲ್ಲೇ ಕೊಂಕಣ ರೈಲು. ಮಂಗಳೂರು–ಉಡುಪಿ ಮಧ್ಯೆ ಎಕ್ಸ್‌ಪ್ರೆಸ್ ಬಸ್ಸು ಒಂದು ಹೋದರೆ ಹಿಂದೆಯೇ ಇನ್ನೊಂದು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಸೀಟಿ ಊದಿ, ತುಳುವಿನಲ್ಲಿ ‘ದುಂಬು ಪೋಲೆ’ (ಮುಂದೆ ಹೋಗಿ) ಅಂತ ನಿಮ್ಮನ್ನು ಒಳಗೆ ತಳ್ಳಿ, ‘ರೈಟ್ ಪೋಯಿ’ ಅನ್ನುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪಿನಲ್ಲಿರುತ್ತದೆ. ಗುಂಡಿಗೆ ಸ್ವಲ್ಪ ಗಟ್ಟಿ ಇರಬೇಕು, ಅಷ್ಟೇ. ಇಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಶಕ್ತಿ ಯೋಜನೆ ನಡೆಯೋದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಹೆಂಗಸರೂ ಚಿಲ್ಲರೆ ಇಟ್ಟುಕೊಳ್ಳಿ. ಕುಂದಾಪುರ ದಾಟಿದ ಮೇಲೆ ಬಸ್ಸು ಕಡಿಮೆ, ಕಾಯಬೇಕಾಗುತ್ತದೆ. ಗೋಕರ್ಣ ರೋಡ್ ಸ್ಟೇಷನ್ನಿನಿಂದ ಊರಿಗೆ ಹತ್ತಿರ ಹತ್ತಿರ 10 ಕಿ.ಮೀ. ಇದೆ, ಆಟೊ ದರ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ, ಬಸ್ಸೇ ಹೋಗದ ಒಳಗಿನ ಹೋಂಸ್ಟೇ ಹಿಡಿದಿದ್ದರೆ ಕಾರೇ ಸರಿ, ಅದಕ್ಕೆ ನನ್ನ ವಾದವಿಲ್ಲ. ಆದರೆ ಘಾಟಿಯನ್ನು ಬೆಳಕಿರುವಾಗಲೇ ಇಳಿಯಿರಿ. ಸಕಲೇಶಪುರದಲ್ಲಿ ಚಾ ಕುಡಿಯುವಾಗ ಅಲ್ಲಿನ ಲಾರಿ ಡ್ರೈವರುಗಳನ್ನು ಒಂದು ಮಾತು ಕೇಳಿ, ಕೆಳಗೆ ಏನಾಗಿದೆ ಅಂತ ಮ್ಯಾಪಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.