ಹೆಮ್ಮೆಗೆ ಚದರಡಿ ಲೆಕ್ಕ

ಮೊನ್ನೆ ನಮ್ಮ ಸರ್ಕಲ್‌ನಲ್ಲಿ ಒಬ್ಬರ ಹುಟ್ಟುಹಬ್ಬ ನಡೆಯಿತು. ಅವರು ಬಂದಿರಲಿಲ್ಲ, ಅವರ ಫ್ಲೆಕ್ಸ್ ಬಂದಿತ್ತು. 10 ಅಡಿ ಎತ್ತರ, 8 ಅಡಿ ಅಗಲ. ಕಪ್ಪು ಕನ್ನಡಕ ಹಾಕಿ ಕೈ ಮುಗಿದಿದ್ದಾರೆ. ಬೆನ್ನ ಹಿಂದೆ ಒಂದು ಸಿಂಹ. 'ನಾಡಿನ ಹೆಮ್ಮೆಯ ಪುತ್ರ, ಯುವಕರ ಕಣ್ಮಣಿ, ಬಡವರ ಬಂಧು, ಸರಳ ಸಜ್ಜನಿಕೆಯ ಸಾಕಾರಮೂರ್ತಿ'. ಆ ಸರಳತೆಯ ಹಿಂದೆ ಟ್ರಾಫಿಕ್ ಸಿಗ್ನಲ್ ಪೂರ್ತಿ ಮುಚ್ಚಿಹೋಗಿತ್ತು.

ಕೆಳಗೆ 'ಶುಭ ಕೋರುವವರು: ಅಭಿಮಾನಿ ಬಳಗ' ಎಂದಿತ್ತು. ಈ ಬಳಗವನ್ನು ನಾನು ಕಂಡಿದ್ದೇನೆ. ಆಧಾರ್ ಜೆರಾಕ್ಸ್ ಮಾಡಿಸಲು ಹೋದಾಗ ಪ್ರಿಂಟಿಂಗ್ ಅಂಗಡಿಯಲ್ಲಿ ಒಂಟಿಯಾಗಿ ನಿಂತಿತ್ತು. ತನ್ನ ಫೋಟೊ ತಾನೇ ಆರಿಸಿ, ದುಡ್ಡನ್ನೂ ತಾನೇ ಕೊಟ್ಟಿತು. ಕಂಪ್ಯೂಟರ್ ಮುಂದಿನ ಹುಡುಗ ಒಂದು ಹಳೆಯ ಫೈಲ್ ತೆರೆದ. ಕಣ್ಮಣಿ, ಬಂಧು, ಆಶಾಕಿರಣ ಎಲ್ಲ ಅದರಲ್ಲಿ ರೆಡಿ ಇದ್ದವು. ಹೆಸರು ಮಾತ್ರ ಬದಲಾಯಿಸಿದ. "ಪದಕ್ಕೆ ದುಡ್ಡಿಲ್ಲ ಸಾರ್, ಚದರಡಿ ಲೆಕ್ಕ," ಅಂದ.

ಹುಡುಗ ಹೇಳಿದ್ದು ಭಾಷಾಶಾಸ್ತ್ರಕ್ಕೂ ಸರಿ. ಹೆಮ್ಮೆ ಹಳಗನ್ನಡದಲ್ಲಿ 'ಪೆರ್ಮೆ' ಆಗಿತ್ತು. ಹಿರಿದು, ಹೆಬ್ಬಾಗಿಲು, ಹೆದ್ದಾರಿಗಳ ಕುಲದ್ದೇ ಮಾತು. ಅಂದರೆ ದೊಡ್ಡದಾಗಿರುವುದು. ದೊಡ್ಡದನ್ನು ಅಡಿಯಲ್ಲಿ ಅಳೆಯದೆ ಇನ್ನೆಲ್ಲಿ ಅಳೆಯಬೇಕು, ಅಲ್ವಾ?

ಹೆಮ್ಮೆ ಮಿತಿ ಮೀರಿದಾಗ ಬೈಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಜಂಬ, ಸೊಕ್ಕು, ಕೊಬ್ಬು, ಗರ್ವ, ದರ್ಪ, ಬಿಂಕ, ಠೇಂಕಾರ, ಪೊಗರು, ಗಾಂಚಾಲಿ. ಸಾಲದ್ದಕ್ಕೆ ಹೊರಗಿನಿಂದಲೂ ತಂದುಕೊಂಡೆವು. ಉರ್ದುವಿನಲ್ಲಿ 'ದಿಮಾಗ್' ಅಂದರೆ ಮಿದುಳು. ನಮ್ಮಲ್ಲಿಗೆ ಬಂದು ಅದು ಧಿಮಾಕು ಆಯಿತು. 'ದೌಲತ್' ಅಂದರೆ ಸಂಪತ್ತು. ಅದು ದೌಲತ್ತು ಆಯಿತು. ಮಿದುಳೂ ದುಡ್ಡೂ ಇಲ್ಲಿಗೆ ಬಂದ ಮೇಲೆ ಏನಾಗುತ್ತವೆ ಅಂತ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಈ ಪದಗಳೆಲ್ಲ ನೀರಿನ ಹಾಗೆ, ಕೆಳಗಡೆಗೇ ಹರಿಯುತ್ತವೆ. ಬಾಡಿಗೆಯವನು ನಲ್ಲಿ ರಿಪೇರಿ ಮಾಡಿಸಿ ಅಂದರೆ ಧಿಮಾಕು. ಸೊಸೆ ಎದುರು ಮಾತಾಡಿದರೆ ಸೊಕ್ಕು. ಕೂಲಿಯವನು 50 ರೂಪಾಯಿ ಜಾಸ್ತಿ ಕೇಳಿದರೆ ಕೊಬ್ಬು. ಮೂರು ಕಾರು, ಆರು ಬೈಕುಗಳ ಜೊತೆ ಒನ್‌ವೇಯಲ್ಲಿ ಉಲ್ಟಾ ಬರುವವನಿಗೆ ಮಾತ್ರ ಬೇರೆಯದೇ ನಿಘಂಟು: ಗತ್ತು, ಖದರು, ಹವಾ. "ಅಣ್ಣಂದು ಏನ್ ಹವಾ ಗುರೂ!" ಅನ್ನುತ್ತೇವೆಯೇ ಹೊರತು, ಅಣ್ಣನಿಗೆ ಕೊಬ್ಬು ಅಂತ ಅಣ್ಣನಿಗೆ ಕೇಳುವ ಹಾಗೆ ಹೇಳಿದವರನ್ನು ನಾನಂತೂ ನೋಡಿಲ್ಲ.

'ಮದ' ಅಂದರೆ ಮೊದಲು ನೆನಪಾಗುವುದು ಆನೆ. ಮದ ಬಂದ ಆನೆಯ ಕಾಲಿಗೆ ಮಾವುತ ಸರಪಳಿ ಹಾಕುತ್ತಾನೆ. ನಾವು ಮದ ಬಂದವರಿಗೆ ಹಾರ ಹಾಕುತ್ತೇವೆ. ಅದೂ ಸೇಬಿನ ಹಾರ, ಕ್ರೇನ್ ತರಿಸಿ.

ಬಸವ ಜಯಂತಿಯ ದಿನ ಇದೇ ಸರ್ಕಲ್‌ನಲ್ಲಿ ಇದೇ ಮಹಾಶಯರ ಇನ್ನೊಂದು ಫ್ಲೆಕ್ಸ್ ಇತ್ತು. ಮೂಲೆಯಲ್ಲಿ ಅಂಚೆಚೀಟಿ ಗಾತ್ರದ ಬಸವಣ್ಣ. ಪಕ್ಕದಲ್ಲಿ 'ಕಳಬೇಡ, ಕೊಲಬೇಡ' ವಚನ. ಅದರಲ್ಲಿ 'ತನ್ನ ಬಣ್ಣಿಸಬೇಡ' ಎಂಬ ಸಾಲೂ ಬರುತ್ತದೆ. ಸರಿಯಾಗಿ ಆ ಸಾಲಿನ ಮೇಲೆ ಅವರ ಮೊಣಕೈ ಕೂತಿತ್ತು. ಹುಡುಗ ಬೇಕೆಂದೇ ಹಾಗೆ ಮಾಡಿದನೋ, ಸುಮ್ನೆ ಆಯಿತೋ, ಕೇಳಲು ಹೋಗಲಿಲ್ಲ.

ಇದಕ್ಕೆಲ್ಲ ಕಾನೂನು ಇಲ್ಲವೇ ಅಂತ ಕೇಳಬೇಡಿ. ಸಾರ್ವಜನಿಕ ಜಾಗದ ಅಂದ ಕೆಡಿಸಬಾರದು ಅಂತ ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಲ್ಲಿ ಸರ್ಕಾರವೇ ನಿಷೇಧ ಹಾಕಿದೆ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ರಾಶಿ ರಾಶಿ ಫ್ಲೆಕ್ಸ್ ಕೆಳಗಿಳಿದವು. ಸ್ವಲ್ಪ ದಿನ ಆಕಾಶ ಕಾಣುತ್ತಿತ್ತು. ಆಮೇಲೆ ಮತ್ತೆ ಯಾರದೋ ಹುಟ್ಟುಹಬ್ಬ ಬಂತು.

ಮೊನ್ನೆಯ ಫ್ಲೆಕ್ಸ್‌ಗೂ ಮೂರನೇ ದಿನ ಗತಿ ಕಾಣಿಸಿದರು. ಬೆಳಗ್ಗೆ ಪೌರಕಾರ್ಮಿಕ ಹೆಂಗಸೊಬ್ಬರು ಏಣಿ ಹತ್ತಿ ಹಗ್ಗ ಬಿಚ್ಚುತ್ತಿದ್ದರು. ಬುಲೆಟ್‌ನಲ್ಲಿ ಬಂದ ಅಭಿಮಾನಿ ಬಳಗದ ತಮ್ಮನೊಬ್ಬ ಗಾಡಿ ನಿಲ್ಲಿಸಿದ.

"ಯಾರ ಫೋಟೊ ಅಂತ ಗೊತ್ತೇನಮ್ಮಾ? ಎಷ್ಟು ಕೊಬ್ಬು ನಿಂಗೆ!"

ಆಕೆ ತಿರುಗಿ ನೋಡಲಿಲ್ಲ. "ಕೊಬ್ಬೆಲ್ಲಿಂದ ಬರಬೇಕಣ್ಣಾ, ಬೆಳಗ್ಗೆಯಿಂದ ಒಂದು ಟೀನೂ ಕುಡಿದಿಲ್ಲ," ಅಂದರು. ಕಣ್ಮಣಿಯನ್ನು ನಾಲ್ಕು ಮಡಿಕೆ ಮಾಡಿ, ಸಿಂಹದ ಮೇಲೆ ಕಾಲಿಟ್ಟು ಒತ್ತಿ, ತಳ್ಳುಗಾಡಿಗೆ ಹಾಕಿಕೊಂಡರು. ಮನೆ ಸೋರುತ್ತದಂತೆ.